ಮಕ್ಕಳಲ್ಲಿ ಪೂರ್ವಜನ್ಮ ಸ್ಮರಣೆ

ಮಕ್ಕಳಲ್ಲಿ ಪೂರ್ವಜನ್ಮ ಸ್ಮರಣೆ ಎಂಬುದು ಎಳೆಯ ಮಕ್ಕಳು ಬೇರೊಬ್ಬ ಮೃತ ವ್ಯಕ್ತಿಯ ಬದುಕಿನ ವಿವರಗಳನ್ನು ತಮ್ಮದೇ ಹಿಂದಿನ ಬದುಕಿನ ನೆನಪುಗಳೆಂಬಂತೆ ಹೇಳಿಕೊಳ್ಳುವ ವಿದ್ಯಮಾನ. ಇಂತಹ ಮಕ್ಕಳು ಸಾಮಾನ್ಯವಾಗಿ ಮಾತು ಕಲಿಯುವ ವಯಸ್ಸಿನಲ್ಲಿಯೇ ತಮಗೆ ಬೇರೆ ಮನೆಯಿದೆ, ಬೇರೆ ತಂದೆತಾಯಿಯರಿದ್ದಾರೆ, ತಾವು ಇಂಥ ರೀತಿಯಲ್ಲಿ ಸತ್ತೆವು ಎಂದು ಹೇಳತೊಡಗುತ್ತಾರೆ. ಉತ್ತರ ಭಾರತ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಲೆಬನಾನ್, ಟರ್ಕಿ, ಪಶ್ಚಿಮ ಆಫ್ರಿಕ ಹಾಗೂ ಉತ್ತರ ಅಮೆರಿಕದ ವಾಯವ್ಯ ಭಾಗದ ಮೂಲನಿವಾಸಿಗಳಲ್ಲಿ ಇಂತಹ ಪ್ರಕರಣಗಳು ಹೆಚ್ಚಾಗಿ ವರದಿಯಾಗಿವೆ. ಪುನರ್ಜನ್ಮದಲ್ಲಿ ನಂಬಿಕೆ ಇಲ್ಲದ ಯುರೋಪ್ ಮತ್ತು ಅಮೆರಿಕದ ಕುಟುಂಬಗಳಲ್ಲಿಯೂ ಕೆಲವು ಪ್ರಕರಣಗಳು ದಾಖಲಾಗಿವೆ. ಸಂಶೋಧಕರು ಇವನ್ನು ತೀರ್ಮಾನವನ್ನು ಮುಂದಿಟ್ಟುಕೊಳ್ಳದೆ ‘ಪುನರ್ಜನ್ಮ ಮಾದರಿಯ ಪ್ರಕರಣಗಳು’ ಎಂದು ಕರೆಯುತ್ತಾರೆ.

ಈ ಪ್ರಕರಣಗಳು ಪುನರ್ಜನ್ಮವನ್ನು ಸಾಬೀತುಪಡಿಸುತ್ತವೆ ಎಂಬ ವಾದವನ್ನು ಬಹುಪಾಲು ವಿಜ್ಞಾನಿಗಳು ಒಪ್ಪಿಲ್ಲ. ಆದರೆ ಮಕ್ಕಳು ಹೀಗೆ ಮಾತನಾಡುತ್ತಾರೆ ಎಂಬುದರಲ್ಲಿ ವಿವಾದವಿಲ್ಲ. ವಿವಾದ ಇರುವುದು ಆ ಮಾತುಗಳ ಮೂಲದ ಬಗ್ಗೆ. ಎರಡು ಕುಟುಂಬಗಳು ಪರಸ್ಪರ ಭೇಟಿಯಾಗುವ ಮುನ್ನ ಮಗು ನಿಖರವಾಗಿ ಏನು ಹೇಳಿತ್ತು ಎಂಬುದು ಬಹುತೇಕ ಪ್ರಕರಣಗಳಲ್ಲಿ ನಿರ್ಣಾಯಕ ಪ್ರಶ್ನೆಯಾಗಿದೆ.

ಪರಂಪರೆ ಮತ್ತು ಸಾಹಿತ್ಯ

ಹಿಂದಿನ ಜನ್ಮವನ್ನು ನೆನೆಯಬಲ್ಲವನಿಗೆ ಸಂಸ್ಕೃತದಲ್ಲಿ ‘ಜಾತಿಸ್ಮರ’ ಎಂಬ ಪದವಿದೆ. ಇಲ್ಲಿ ‘ಜಾತಿ’ ಎಂದರೆ ಹುಟ್ಟು. ಪತಂಜಲಿಯ ಯೋಗಸೂತ್ರದ ವಿಭೂತಿಪಾದದಲ್ಲಿ ಪೂರ್ವಜನ್ಮದ ಅರಿವನ್ನು ಯೋಗಸಾಧನೆಯಿಂದ ಒದಗುವ ಸಿದ್ಧಿಗಳಲ್ಲಿ ಒಂದಾಗಿ ಹೇಳಲಾಗಿದೆ. ಬೌದ್ಧ ಪರಂಪರೆಯಲ್ಲಿ ಬುದ್ಧನು ಜ್ಞಾನೋದಯದ ರಾತ್ರಿ ತನ್ನ ಹಿಂದಿನ ಹುಟ್ಟುಗಳನ್ನು ಕಂಡನೆಂಬ ಕಥನವಿದ್ದು, ಜಾತಕ ಕಥೆಗಳು ಆ ಹುಟ್ಟುಗಳನ್ನೇ ಆಧರಿಸಿವೆ. ಜೈನ ಪರಂಪರೆಯಲ್ಲಿ ‘ಜಾತಿಸ್ಮರಣ’ವು ವೈರಾಗ್ಯಕ್ಕೆ ಕಾರಣವಾಗುವ ಮಹತ್ವದ ಘಟನೆ.

ಕನ್ನಡದ ಪ್ರಾಚೀನ ಕಾವ್ಯಗಳಲ್ಲಿ ಈ ವಸ್ತು ಆರಂಭದಿಂದಲೂ ಇದೆ. ಪಂಪನ ‘ಆದಿಪುರಾಣ’ (941) ಪ್ರಥಮ ತೀರ್ಥಂಕರನ ಭವಾವಳಿಯನ್ನು ನಿರೂಪಿಸುತ್ತದೆ. ಅದರಲ್ಲಿ ಶ್ರೀಮತಿಯು ತಾನು ಹಿಂದೆ ಲಲಿತಾಂಗದೇವನ ಪ್ರಿಯೆ ಸ್ವಯಂಪ್ರಭೆಯಾಗಿದ್ದುದನ್ನು ನೆನೆದು, ಆ ನೆನಪನ್ನು ಚಿತ್ರಪಟದಲ್ಲಿ ಬರೆಯುವ ಪ್ರಸಂಗ ಪ್ರಸಿದ್ಧವಾಗಿದೆ. ಒಂದನೆಯ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿ ವೈಶಂಪಾಯನನೆಂಬ ಗಿಳಿ ಶೂದ್ರಕ ರಾಜನಿಗೆ ಕಥೆ ಹೇಳುತ್ತದೆ, ಇಡೀ ಕಥೆ ಜನ್ಮಾಂತರಗಳ ಮೇಲೆ ನಿಂತಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಮಾರಿಗೆ ಬಲಿಯಾಗಿ ಎಳೆತರಲ್ಪಟ್ಟ ಎಳೆಯ ಅಣ್ಣತಂಗಿಯರಾದ ಅಭಯರುಚಿ ಮತ್ತು ಅಭಯಮತಿಯರು ತಮ್ಮ ಹಿಂದಿನ ಭವಗಳ ನೆನಪುಳ್ಳವರು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕಾಗಿ ಪಟ್ಟ ಪಾಡನ್ನು ಅಭಯರುಚಿ ವಿವರಿಸಿದಾಗ ಮಾರಿದತ್ತ ರಾಜನ ಮನಸ್ಸು ಬದಲಾಗುತ್ತದೆ.

ಈ ಪರಂಪರೆಗೂ ಆಧುನಿಕ ಕಾಲದಲ್ಲಿ ವರದಿಯಾದ ಪ್ರಕರಣಗಳಿಗೂ ಒಂದು ವ್ಯತ್ಯಾಸವಿದೆ. ಶಾಸ್ತ್ರ ಮತ್ತು ಕಾವ್ಯಗಳಲ್ಲಿ ಜಾತಿಸ್ಮರಣೆ ತಪಸ್ಸಿನ, ಪುಣ್ಯದ ಅಥವಾ ಗುರುಕೃಪೆಯ ಫಲ. ಆಧುನಿಕ ಪ್ರಕರಣಗಳ ಮಕ್ಕಳು ಯಾವ ಸಾಧನೆಯನ್ನೂ ಮಾಡದ ಸಾಮಾನ್ಯ ಮಕ್ಕಳು. ಅವರು ನೆನೆಯುವುದೂ ರಾಜಮಹಾರಾಜರ ಬದುಕನ್ನಲ್ಲ, ಬಹುಮಟ್ಟಿಗೆ ಹತ್ತಿರದ ಹಳ್ಳಿ ಅಥವಾ ಪಟ್ಟಣದ ಸಾಧಾರಣ ಜನರ ಬದುಕನ್ನು.

ಸಾಮಾನ್ಯ ಲಕ್ಷಣಗಳು

ಬೇರೆ ಬೇರೆ ದೇಶಗಳ ಪ್ರಕರಣಗಳಲ್ಲಿ ಕೆಲವು ಲಕ್ಷಣಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ.

ವಯಸ್ಸು: ಮಕ್ಕಳು ಹೆಚ್ಚಾಗಿ 2ರಿಂದ 4 ವರ್ಷದೊಳಗೆ ಈ ಬಗ್ಗೆ ಮಾತನಾಡಲು ತೊಡಗಿ, 5ರಿಂದ 8 ವರ್ಷದೊಳಗೆ ತಾವಾಗಿಯೇ ನಿಲ್ಲಿಸುತ್ತಾರೆ. ನಿಲ್ಲಿಸುವ ವಯಸ್ಸು ಶಾಲೆಗೆ ಸೇರುವ ವಯಸ್ಸಿಗೆ ಹತ್ತಿರದ್ದು. ಎಲ್ಲ ಮಕ್ಕಳಲ್ಲಿಯೂ ಶೈಶವದ ನೆನಪುಗಳು ಮಸುಕಾಗುವ ಕಾಲವೂ ಇದೇ.

ಮರಣದ ರೀತಿ: ಮಗು ಹೇಳುವ ಹಿಂದಿನ ವ್ಯಕ್ತಿಯ ಸಾವು ಬಹಳಷ್ಟು ಪ್ರಕರಣಗಳಲ್ಲಿ ಅಸಹಜವಾದುದು: ಕೊಲೆ, ಅಪಘಾತ, ನೀರಿನಲ್ಲಿ ಮುಳುಗುವುದು ಇತ್ಯಾದಿ. ಸಹಜ ಸಾವಿನ ಪ್ರಕರಣಗಳಲ್ಲಿಯೂ ಚಿಕ್ಕ ವಯಸ್ಸಿನಲ್ಲಿ ಅಥವಾ ಹಠಾತ್ತನೆ ತೀರಿಕೊಂಡವರೇ ಹೆಚ್ಚು.

ನಡವಳಿಕೆ: ಮೃತನ ಸಾವಿಗೆ ಸಂಬಂಧಿಸಿದಂತೆ ತೋರುವ ಅತಿಯಾದ ಭಯ, ಮನೆಯಲ್ಲಿ ಯಾರೂ ಕಲಿಸದ ಆಹಾರದ ಅಭಿರುಚಿ, ಹಿಂದಿನ ವ್ಯಕ್ತಿಯ ಕಸುಬನ್ನು ಹೋಲುವ ಆಟ ಮುಂತಾದವು ವರದಿಯಾಗಿವೆ. ಇಯಾನ್ ಸ್ಟೀವನ್ಸನ್ ಪರಿಶೀಲಿಸಿದ 387 ಮಕ್ಕಳ ಪೈಕಿ 141 ಮಕ್ಕಳಲ್ಲಿ, ಅಂದರೆ ಶೇ. 36ರಷ್ಟು ಮಕ್ಕಳಲ್ಲಿ, ಇಂತಹ ಭಯ ಕಂಡುಬಂದಿತ್ತು.

ಹುಟ್ಟುಮಚ್ಚೆ: ಮೃತನ ದೇಹದ ಮೇಲಿದ್ದ ಗಾಯದ ಜಾಗದಲ್ಲಿಯೇ ಮಗುವಿಗೆ ಮಚ್ಚೆ ಅಥವಾ ಜನ್ಮಜಾತ ಊನ ಇದೆ ಎಂದು ಕುಟುಂಬದವರು ಹೇಳುವುದುಂಟು. ಕೆಲವೇ ಪ್ರಕರಣಗಳಲ್ಲಿ ಇದನ್ನು ಆಸ್ಪತ್ರೆಯ ಅಥವಾ ಮರಣೋತ್ತರ ಪರೀಕ್ಷೆಯ ದಾಖಲೆಯೊಂದಿಗೆ ಹೋಲಿಸಿ ನೋಡಲು ಸಾಧ್ಯವಾಗಿದೆ.

ಆರಂಭಿಕ ದಾಖಲೆಗಳು

ಭಾರತದಲ್ಲಿ ಇಂತಹ ಪ್ರಕರಣವೊಂದನ್ನು ಕ್ರಮಬದ್ಧವಾಗಿ ದಾಖಲಿಸಿದ ಮೊದಲಿಗರಲ್ಲಿ ಬರೇಲಿಯ ವಕೀಲ ಕೆ. ಕೆ. ಎನ್. ಸಹಾಯ್ ಒಬ್ಬರು. 1926ರಲ್ಲಿ ಅವರ ಮೂರು ವರ್ಷದ ಮಗ ತಾನು ಬನಾರಸಿನವನೆಂದೂ, ತನ್ನ ತಂದೆಯ ಬಳಿ ಮೋಟಾರು ಕಾರು ಇದೆಯೆಂದೂ ಹೇಳತೊಡಗಿದ. ಸಹಾಯ್ ಕೂಡಲೇ ಬನಾರಸಿಗೆ ಹೊರಡಲಿಲ್ಲ. ಮಗುವಿನ ಹೇಳಿಕೆಗಳನ್ನು ಬರೆದಿಟ್ಟು, ಅಲಹಾಬಾದಿನಿಂದ ಪ್ರಕಟವಾಗುತ್ತಿದ್ದ ‘ದಿ ಲೀಡರ್’ ಪತ್ರಿಕೆಗೆ ಪತ್ರ ಬರೆದು, ಈ ವಿವರಗಳನ್ನು ಪರಿಶೀಲಿಸಲು ನೆರವಾಗುವಂತೆ ಓದುಗರನ್ನು ಕೋರಿದರು. ಮಗುವನ್ನು ಬನಾರಸಿಗೆ ಕರೆದೊಯ್ಯುವ ಮುನ್ನ ಹೇಳಿಕೆಗಳನ್ನು ಅಧಿಕೃತವಾಗಿಯೂ ದಾಖಲಿಸಿದರು. ಮರುವರ್ಷ ಈ ಪ್ರಕರಣದೊಂದಿಗೆ ಬೇರೆ ಕೆಲವನ್ನೂ ಸೇರಿಸಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು. ಪರಿಶೀಲನೆಗೆ ಮೊದಲೇ ಲಿಖಿತ ದಾಖಲೆ ಇದ್ದುದರಿಂದ ಈ ಪ್ರಕರಣಕ್ಕೆ ನಂತರದ ಸಂಶೋಧಕರು ವಿಶೇಷ ಬೆಲೆ ಕೊಟ್ಟಿದ್ದಾರೆ.

ಶಾಂತಿದೇವಿ ಪ್ರಕರಣ

ಭಾರತದ ಪ್ರಕರಣಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ದೆಹಲಿಯ ಶಾಂತಿದೇವಿಯದು (1926–1987). ಸುಮಾರು ನಾಲ್ಕನೆಯ ವಯಸ್ಸಿನಿಂದ ಆಕೆ ತನ್ನ ಮನೆ ಮಥುರೆಯಲ್ಲಿದೆ, ತನ್ನ ಗಂಡ ಬಟ್ಟೆ ವ್ಯಾಪಾರಿ, ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತಾನು ಸತ್ತೆ ಎಂದು ಹೇಳುತ್ತಿದ್ದಳೆಂದು ವರದಿಗಳು ತಿಳಿಸುತ್ತವೆ. ಗಂಡನ ಹೆಸರನ್ನು ಬಹಳ ಕಾಲ ಹೇಳಲಿಲ್ಲ. ಕೊನೆಗೆ ಪರಿಚಿತ ಶಿಕ್ಷಕರೊಬ್ಬರಿಗೆ ಆ ಹೆಸರನ್ನು ತಿಳಿಸಿದಾಗ ಮಥುರೆಯ ವಿಳಾಸಕ್ಕೆ ಪತ್ರ ಬರೆಯಲಾಯಿತು. ಕೇದಾರನಾಥ ಚೌಬೆ ಎಂಬ ವ್ಯಾಪಾರಿ ಅಲ್ಲಿ ನಿಜವಾಗಿಯೂ ಇದ್ದರು. ಅವರ ಪತ್ನಿ ಲುಗ್ದಿ 1925ರ ಅಕ್ಟೋಬರಿನಲ್ಲಿ ಹೆರಿಗೆಯ ನಂತರ ತೀರಿಕೊಂಡಿದ್ದಳು.

ಚೌಬೆ ಮೊದಲು ದೆಹಲಿಯಲ್ಲಿದ್ದ ತಮ್ಮ ಸಂಬಂಧಿಯನ್ನು ಕಳುಹಿಸಿ, ಬಳಿಕ 1935ರ ನವೆಂಬರಿನಲ್ಲಿ ಮಗನೊಂದಿಗೆ ತಾವೇ ಬಂದರು. ಆ ತಿಂಗಳ 24ರಂದು ಗಣ್ಯರ ಸಮಿತಿಯೊಂದು ಬಾಲಕಿಯನ್ನು ರೈಲಿನಲ್ಲಿ ಮಥುರೆಗೆ ಕರೆದೊಯ್ದಿತು. ಈ ಸಮಿತಿಯ ಹಿಂದೆ ಮಹಾತ್ಮ ಗಾಂಧಿಯವರ ಆಸಕ್ತಿ ಇತ್ತೆಂದು ಪ್ರಚಲಿತ ವೃತ್ತಾಂತಗಳು ಹೇಳುತ್ತವೆ. ಬಾಲಕಿ ಸಂಬಂಧಿಕರನ್ನು ಗುರುತಿಸಿದಳು, ಮನೆಗೆ ದಾರಿ ತೋರಿಸಿದಳು ಎಂದು 1936ರಲ್ಲಿ ಪ್ರಕಟವಾದ ಸಮಿತಿಯ ವರದಿ ತಿಳಿಸಿತು. ಅದೇ ಕಾಲದಲ್ಲಿ ಪರಿಶೀಲಿಸಿದ ಬಾಲಚಂದ್ ನಾಹಟಾ ಅವರು ಲಭ್ಯ ಸಾಕ್ಷ್ಯದಿಂದ ಪುನರ್ಜನ್ಮ ಸಾಬೀತಾಗುವುದಿಲ್ಲ ಎಂದು ಬರೆದರು.

ಪ್ರಕರಣದ ಬಲಾಬಲ ಎರಡೂ ಇದರ ಕಾಲಾನುಕ್ರಮದಲ್ಲಿ ಅಡಗಿವೆ. ಮಥುರೆಯ ಕುಟುಂಬವನ್ನು ಹುಡುಕಿದ್ದು ಬಾಲಕಿ ಕೊಟ್ಟ ಹೆಸರಿನಿಂದ ಎಂಬುದು ಅದರ ಬಲ. ಸಮಿತಿ ಹೊರಡುವ ವೇಳೆಗೆ ಆಕೆ ಚೌಬೆ ಮತ್ತು ಅವರ ಸಂಬಂಧಿಕರನ್ನು ಈಗಾಗಲೇ ಭೇಟಿಯಾಗಿದ್ದಳು ಹಾಗೂ ಸುದ್ದಿ ಎಲ್ಲೆಡೆ ಹರಡಿತ್ತು ಎಂಬುದು ಅದರ ದೌರ್ಬಲ್ಯ. ಹೀಗಾಗಿ ಮಥುರೆಯ ಗುರುತಿಸುವಿಕೆಗಳಿಗಿಂತ, ಪತ್ರ ಬರೆಯುವ ಮುನ್ನ ಆಕೆ ಹೇಳಿದ ಮಾತುಗಳೇ ಮುಖ್ಯವಾಗುತ್ತವೆ. ಆದರೆ ಆ ಮಾತುಗಳು ಹೆಚ್ಚಾಗಿ ದೊಡ್ಡವರ ನೆನಪಿನ ಮೂಲಕವೇ ನಮಗೆ ದೊರೆತಿವೆ. ಶಾಂತಿದೇವಿ ಜೀವನಪೂರ್ತಿ ಅವಿವಾಹಿತರಾಗಿ ಉಳಿದರು. ಸಂಶೋಧಕರಿಗೆ ತಮ್ಮ ಕಥೆಯನ್ನು ಕೊನೆಯವರೆಗೂ ಹೇಳಿದರು.

ಇಯಾನ್ ಸ್ಟೀವನ್ಸನ್ ಅವರ ಸಂಶೋಧನೆ

ಈ ಕ್ಷೇತ್ರದ ಆಧುನಿಕ ಅಧ್ಯಯನವನ್ನು ರೂಪಿಸಿದವರು ಕೆನಡಾ ಮೂಲದ ಮನೋವೈದ್ಯ ಇಯಾನ್ ಸ್ಟೀವನ್ಸನ್ (1918–2007). ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಅವರು ಅದುವರೆಗೆ ಪ್ರಕಟವಾಗಿದ್ದ 44 ಪ್ರಕರಣಗಳನ್ನು ವಿಶ್ಲೇಷಿಸಿ 1960ರಲ್ಲಿ ಲೇಖನ ಬರೆದರು. 1961ರಲ್ಲಿ ಭಾರತ ಮತ್ತು ಸಿಲೋನಿಗೆ (ಈಗಿನ ಶ್ರೀಲಂಕಾ) ಮೊದಲ ಬಾರಿ ಬಂದರು. ಝೆರಾಕ್ಸ್ ಯಂತ್ರದ ಹಿಂದಿನ ತಂತ್ರವನ್ನು ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಅವರ ಧನಸಹಾಯದಿಂದ 1967ರಲ್ಲಿ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಭಾಗ ಆರಂಭವಾಯಿತು.

ಅವರ ‘ಟ್ವೆಂಟಿ ಕೇಸಸ್ ಸಜೆಸ್ಟಿವ್ ಆಫ್ ರೀಇನ್‌ಕಾರ್ನೇಶನ್’ (1966) ಗ್ರಂಥ ಭಾರತ, ಸಿಲೋನ್, ಬ್ರೆಜಿಲ್, ಅಲಾಸ್ಕಾ ಮತ್ತು ಲೆಬನಾನಿನ ಪ್ರಕರಣಗಳನ್ನು ಒಳಗೊಂಡಿದೆ. 1975ರಿಂದ 1983ರ ನಡುವೆ ದೇಶವಾರು ಪ್ರಕರಣಗಳ ನಾಲ್ಕು ಸಂಪುಟಗಳು ಹೊರಬಂದವು. 1997ರ ‘ರೀಇನ್‌ಕಾರ್ನೇಶನ್ ಅಂಡ್ ಬಯಾಲಜಿ’ ಹುಟ್ಟುಮಚ್ಚೆ ಮತ್ತು ಜನ್ಮಜಾತ ಊನಗಳನ್ನು ಕುರಿತ ಎರಡು ಬೃಹತ್ ಸಂಪುಟಗಳ ಕೃತಿ. ಅವರ ವಿಭಾಗವು ಸಂಗ್ರಹಿಸಿದ ಪ್ರಕರಣಗಳ ಸಂಖ್ಯೆ 2,500ನ್ನು ಮೀರಿದೆ. ನಂತರ ಈ ಕೆಲಸವನ್ನು ಮಕ್ಕಳ ಮನೋವೈದ್ಯ ಜಿಮ್ ಟಕರ್ ಮುಂದುವರಿಸಿದರು.

ಸ್ಟೀವನ್ಸನ್ ಅವರ ವಿಧಾನ ಮುಖ್ಯವಾಗಿ ಸಂದರ್ಶನ. ಮಗುವಿನ ಮಾತನ್ನು ನೇರವಾಗಿ ಕೇಳಿದವರನ್ನು ಪ್ರತ್ಯೇಕವಾಗಿ ಪ್ರಶ್ನಿಸುವುದು, ಮೃತನ ಕುಟುಂಬವನ್ನು ಸ್ವತಂತ್ರವಾಗಿ ವಿಚಾರಿಸುವುದು, ಮಾಹಿತಿ ಸಹಜ ಮಾರ್ಗದಲ್ಲಿ ಮಗುವಿಗೆ ತಲುಪಿರಬಹುದೇ ಎಂದು ಹುಡುಕುವುದು, ಕೆಲವು ಕಾಲದ ನಂತರ ಮತ್ತೆ ಬಂದು ಹೇಳಿಕೆಗಳನ್ನು ಹೋಲಿಸುವುದು ಅದರ ಹಂತಗಳು. ಈ ಪ್ರಕರಣಗಳು ಪುನರ್ಜನ್ಮವನ್ನು ‘ಸೂಚಿಸುತ್ತವೆ’ ಎನ್ನುವುದಕ್ಕಿಂತ ಹೆಚ್ಚಿನದನ್ನು ಅವರು ಸಾಮಾನ್ಯವಾಗಿ ಹೇಳುತ್ತಿರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತದ ಅಧ್ಯಯನಗಳು

ಭಾರತದಲ್ಲಿ ಈ ವಿಷಯದ ದೀರ್ಘಕಾಲದ ಸಂಶೋಧನೆ ನಡೆಸಿದವರು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ (ನಿಮ್ಹಾನ್ಸ್) ಚಿಕಿತ್ಸಾ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ. ಸ್ಟೀವನ್ಸನ್ ಅವರೊಂದಿಗೆ 1970ರ ದಶಕದಿಂದ ಕೆಲಸ ಮಾಡಿದ ಅವರು 1990ರಲ್ಲಿ ಭಾರತದ ಪ್ರಕರಣಗಳ ಕುರಿತು ‘ಕ್ಲೈಮ್ಸ್ ಆಫ್ ರೀಇನ್‌ಕಾರ್ನೇಶನ್’ ಗ್ರಂಥವನ್ನು ಪ್ರಕಟಿಸಿದರು.

ಪಸ್ರೀಚಾ ಹಾಗೂ ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಬಾರ್ಕರ್ ಉತ್ತರ ಪ್ರದೇಶದ ಆಗ್ರಾ ಜಿಲ್ಲೆಯ ಫತೇಹಾಬಾದ್ ಪ್ರದೇಶದಲ್ಲಿ ಸಮೀಕ್ಷೆ ನಡೆಸಿ 1979ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸಾವಿರ ಜನರಿಗೆ ಸುಮಾರು 2.2ರಷ್ಟು ಮಂದಿ ಇಂತಹ ನೆನಪನ್ನು ಹೇಳಿಕೊಂಡವರಾಗಿದ್ದರು. ಅಂದರೆ, ಪುನರ್ಜನ್ಮದಲ್ಲಿ ನಂಬಿಕೆ ವ್ಯಾಪಕವಾಗಿರುವ ಪ್ರದೇಶದಲ್ಲಿಯೂ ಇದು ವಿರಳವೇ. ಇದೇ ಇಬ್ಬರು ಸಂಶೋಧಕರು ಮತ್ತೊಂದು ಪ್ರಕರಣವನ್ನು ಒಟ್ಟಾಗಿ ತನಿಖೆ ಮಾಡಿ, ಒಂದೇ ಸಾಕ್ಷ್ಯದಿಂದ ಭಿನ್ನ ತೀರ್ಮಾನಗಳಿಗೆ ಬಂದರು. ಸಹಜ ವಿವರಣೆ ಸಾಕಾಗದು ಎಂಬುದು ಪಸ್ರೀಚಾ ಅವರ ಅಭಿಪ್ರಾಯವಾದರೆ, ಸಾಕು ಎಂಬುದು ಬಾರ್ಕರ್ ಅವರದು. 1981ರಲ್ಲಿ ಎರಡೂ ಅಭಿಪ್ರಾಯಗಳನ್ನು ಒಂದೇ ಲೇಖನದಲ್ಲಿ ಪ್ರಕಟಿಸಿದರು.

ದಕ್ಷಿಣ ಭಾರತದಿಂದ ವರದಿಗಳು ಬಹಳ ಕಡಿಮೆ. ಕರ್ಮ ಮತ್ತು ಜನ್ಮಾಂತರಗಳ ನಂಬಿಕೆ ದಕ್ಷಿಣದಲ್ಲಿಯೂ ಅಷ್ಟೇ ಆಳವಾಗಿರುವುದರಿಂದ ಈ ವ್ಯತ್ಯಾಸ ಗಮನಾರ್ಹವಾಗಿದೆ. ಪಸ್ರೀಚಾ 2001ರಲ್ಲಿ ಇದೇ ಪ್ರಶ್ನೆಯನ್ನು ಕುರಿತು ಲೇಖನ ಪ್ರಕಟಿಸಿದರು. ನಂಬಿಕೆಯೊಂದಿದ್ದರೆ ಸಾಕು, ಪ್ರಕರಣಗಳು ತಾವಾಗಿ ಹುಟ್ಟಿಕೊಳ್ಳುತ್ತವೆ ಎಂಬ ಸರಳ ವಿವರಣೆಗೆ ಈ ವ್ಯತ್ಯಾಸ ಒಂದು ತೊಡಕು.

ಸಂಸ್ಕೃತಿ ಮತ್ತು ವ್ಯತ್ಯಾಸಗಳು

ಪ್ರಕರಣಗಳ ಸ್ವರೂಪ ಆಯಾ ಸಮಾಜದ ನಂಬಿಕೆಯನ್ನು ಹಲವು ಅಂಶಗಳಲ್ಲಿ ಹೋಲುತ್ತದೆ. ಮಾತೃವಂಶೀಯರಾದ ಅಲಾಸ್ಕಾದ ಟ್ಲಿಂಗಿಟ್ ಜನರಲ್ಲಿ ಹಿಂದಿನ ವ್ಯಕ್ತಿ ಸಾಮಾನ್ಯವಾಗಿ ತಾಯಿಯ ಕಡೆಯ ಬಂಧು. ಹುಟ್ಟಿನಿಂದ ಹುಟ್ಟಿಗೆ ಲಿಂಗ ಬದಲಾಗದೆಂದು ನಂಬುವ ಲೆಬನಾನಿನ ಡ್ರೂಜ್ ಸಮುದಾಯದಲ್ಲಿ ಲಿಂಗ ಬದಲಾದ ಪ್ರಕರಣಗಳು ಕಾಣುವುದಿಲ್ಲ. ಮ್ಯಾನ್ಮಾರಿನಲ್ಲಿ ಅವು ಸಾಕಷ್ಟಿವೆ. ಭಾರತದ ಪ್ರಕರಣಗಳಲ್ಲಿ ಮೃತನು ಹೆಚ್ಚಾಗಿ ಬೇರೆ ಕುಟುಂಬದ, ಬೇರೆ ಊರಿನ ವ್ಯಕ್ತಿ. ಉತ್ತರ ಭಾರತದ ಮುಸ್ಲಿಂ ಕುಟುಂಬಗಳಲ್ಲಿಯೂ ಪ್ರಕರಣಗಳು ಇರುವುದನ್ನು ಮಾನವಶಾಸ್ತ್ರಜ್ಞೆ ಆಂಟೋನಿಯಾ ಮಿಲ್ಸ್ ದಾಖಲಿಸಿದ್ದಾರೆ.

ಈ ಹೋಲಿಕೆಯನ್ನು ವಿಮರ್ಶಕರು ಪ್ರಕರಣಗಳು ಸಂಸ್ಕೃತಿಯಿಂದ ರೂಪುಗೊಂಡವು ಎಂಬುದಕ್ಕೆ ಪುರಾವೆಯಾಗಿ ಕಾಣುತ್ತಾರೆ. ನಂಬಿಕೆಗೆ ಹೊಂದದ ಪ್ರಕರಣಗಳನ್ನು ಕುಟುಂಬಗಳು ಹೊರಗೆ ಹೇಳದಿರುವುದೂ ಇದಕ್ಕೆ ಕಾರಣವಿರಬಹುದು ಎಂಬುದು ಇನ್ನೊಂದು ವಾದ.

ವಿವರಣೆಗಳು ಮತ್ತು ವಿಮರ್ಶೆ

ಪುನರ್ಜನ್ಮವನ್ನು ಒಪ್ಪದ ವಿವರಣೆಗಳಲ್ಲಿ ಮುಖ್ಯವಾದವು ಇವು:

ಸಾಮಾಜಿಕ-ಮಾನಸಿಕ ವಿವರಣೆ: ಮಗು ಏನೋ ಅಸ್ಪಷ್ಟವಾಗಿ ಹೇಳುತ್ತದೆ. ನಂಬಿಕೆಯುಳ್ಳ ಹಿರಿಯರು ಅದಕ್ಕೆ ಅರ್ಥ ಕೊಟ್ಟು, ಪ್ರಶ್ನೆಗಳ ಮೂಲಕ ಕಥೆಯನ್ನು ಬೆಳೆಸುತ್ತಾರೆ. ಹೊಂದುವ ಕುಟುಂಬವೊಂದು ಸಿಕ್ಕಿದ ಮೇಲೆ ಎರಡೂ ಕಡೆಯವರು ಮಾಹಿತಿ ಹಂಚಿಕೊಳ್ಳುತ್ತಾರೆ. ಅನಂತರ, ಆಮೇಲೆ ತಿಳಿದುದನ್ನೂ ಮಗು ಮೊದಲೇ ಹೇಳಿತ್ತು ಎಂದು ಪ್ರಾಮಾಣಿಕವಾಗಿಯೇ ನೆನೆಯುತ್ತಾರೆ.

ಗುಪ್ತಸ್ಮೃತಿ: ದೊಡ್ಡವರ ಮಾತಿನಲ್ಲಿ ಕೇಳಿದ ಸಂಗತಿ ಮಗುವಿನ ಮನಸ್ಸಿನಲ್ಲಿ ಉಳಿದು, ಎಲ್ಲಿ ಕೇಳಿದ್ದೆಂಬುದು ಮರೆತು, ಸ್ವಂತ ಅನುಭವದಂತೆ ಹೊರಬರುತ್ತದೆ.

ಆಕಸ್ಮಿಕತೆ ಮತ್ತು ವಂಚನೆ: ಸಾಮಾನ್ಯ ಹೆಸರು, ಸಾಮಾನ್ಯ ಘಟನೆಗಳು ಯಾರಿಗಾದರೂ ಹೊಂದಿಬಿಡಬಹುದು. ಲಾಭ ಅಥವಾ ಪ್ರಚಾರಕ್ಕಾಗಿ ಕಟ್ಟಿದ ಪ್ರಕರಣಗಳೂ ಇವೆ.

ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಸಿ. ಟಿ. ಕೆ. ಚಾರಿ ಅವರು ಈ ಪ್ರಕರಣಗಳನ್ನು ಸಾಂಸ್ಕೃತಿಕ ಪರಿಸರದ ಸೃಷ್ಟಿಗಳೆಂದು ವಾದಿಸಿದ ಪ್ರಮುಖ ಭಾರತೀಯ ವಿಮರ್ಶಕರು. ತತ್ತ್ವಜ್ಞ ಪಾಲ್ ಎಡ್ವರ್ಡ್ಸ್ 1996ರ ತಮ್ಮ ಗ್ರಂಥದಲ್ಲಿ ಸ್ಟೀವನ್ಸನ್ ಅವರ ವಿಧಾನವನ್ನು ಕಟುವಾಗಿ ಟೀಕಿಸಿದರು. ದುಭಾಷಿಗಳ ಮೇಲಿನ ಅವಲಂಬನೆ, ಉತ್ತರವನ್ನು ಸೂಚಿಸುವ ಪ್ರಶ್ನೆಗಳು, ಘಟನೆಗೂ ತನಿಖೆಗೂ ನಡುವಿನ ದೀರ್ಘ ಅಂತರ ಮುಖ್ಯ ಆಕ್ಷೇಪಗಳು. ಬಡ ಕುಟುಂಬದ ಮಕ್ಕಳು ಸಿರಿವಂತರ ಅಥವಾ ಮೇಲ್ಜಾತಿಯವರ ಬದುಕನ್ನು ನೆನೆಯುವುದು ಹೆಚ್ಚೆಂದು ಬ್ರಿಟಿಷ್ ಲೇಖಕ ಇಯಾನ್ ವಿಲ್ಸನ್ ಗಮನಸೆಳೆದರು. ಇದಕ್ಕೆ ವ್ಯತಿರಿಕ್ತವಾಗಿ, ಖಗೋಳವಿಜ್ಞಾನಿ ಕಾರ್ಲ್ ಸಾಗನ್ ತಾವು ಪುನರ್ಜನ್ಮವನ್ನು ನಂಬದಿದ್ದರೂ, ಗಂಭೀರ ಅಧ್ಯಯನಕ್ಕೆ ಅರ್ಹವಾದ ಕೆಲವೇ ವಿಷಯಗಳಲ್ಲಿ ಇದೂ ಒಂದು ಎಂದು 1996ರಲ್ಲಿ ಬರೆದರು.

ಮೊದಲೇ ಬರೆದಿಟ್ಟ ಹೇಳಿಕೆಗಳು

ನೆನಪಿನ ಕಲಬೆರಕೆಯ ಆಕ್ಷೇಪಕ್ಕೆ ಉತ್ತರ ದೊರೆಯಬಹುದಾದದ್ದು, ಕುಟುಂಬಗಳು ಭೇಟಿಯಾಗುವ ಮುನ್ನವೇ ಹೇಳಿಕೆಗಳನ್ನು ಬರೆದಿಟ್ಟ ಪ್ರಕರಣಗಳಲ್ಲಿ. ಒಟ್ಟು ಸಂಗ್ರಹದಲ್ಲಿ ಇವುಗಳ ಪಾಲು ತೀರ ಚಿಕ್ಕದು. 1998ರಲ್ಲಿ ಸೈಬೋ ಸ್ಕೌಟೆನ್ ಮತ್ತು ಸ್ಟೀವನ್ಸನ್ ಅವರು ಭಾರತ ಮತ್ತು ಶ್ರೀಲಂಕಾದ ಇಂತಹ 21 ಪ್ರಕರಣಗಳನ್ನು, ಭೇಟಿಯ ನಂತರ ದಾಖಲಾದ 82 ಪ್ರಕರಣಗಳೊಂದಿಗೆ ಹೋಲಿಸಿದರು. ಕಲಬೆರಕೆಯೇ ಕಾರಣವಾಗಿದ್ದರೆ ಎರಡನೆಯ ಗುಂಪಿನಲ್ಲಿ ಹೇಳಿಕೆಗಳೂ ಅವುಗಳ ನಿಖರತೆಯೂ ಹೆಚ್ಚಿರಬೇಕಿತ್ತು. ಆದರೆ ಸರಿಯಾದ ಹೇಳಿಕೆಗಳ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 76.7, ಎರಡನೆಯದರಲ್ಲಿ ಶೇ. 78.4 ಇತ್ತು, ಹೇಳಿಕೆಗಳ ಸರಾಸರಿ ಸಂಖ್ಯೆ ಮೊದಲ ಗುಂಪಿನಲ್ಲಿಯೇ ಹೆಚ್ಚಾಗಿತ್ತು.

ಬರೆದಿಟ್ಟ ಹೇಳಿಕೆಗಳಿದ್ದರೂ ವಿವಾದ ಮುಗಿಯುವುದಿಲ್ಲ ಎಂಬುದಕ್ಕೆ 1964ರಲ್ಲಿ ಸ್ಟೀವನ್ಸನ್ ತಾವೇ ತನಿಖೆ ಮಾಡಿದ ಲೆಬನಾನಿನ ಡ್ರೂಜ್ ಬಾಲಕನ ಪ್ರಕರಣ ನಿದರ್ಶನ. ಅವರು ಭೇಟಿಗೆ ಮುನ್ನ ಹೇಳಿಕೆಗಳನ್ನು ಪಟ್ಟಿಮಾಡಿ, 57ರಲ್ಲಿ 51 ಸರಿಯಾದವೆಂದು ಎಣಿಸಿದರು. ಆದರೆ ತಂದೆತಾಯಿಯರು ಮೊದಲು ಊಹಿಸಿದ ವ್ಯಕ್ತಿ ಬೇರೆ, ಕೊನೆಗೆ ಗುರುತಿಸಿದ ವ್ಯಕ್ತಿ ಬೇರೆ. ಹೇಳಿಕೆಗಳನ್ನು ಹೊಸ ವ್ಯಕ್ತಿಗೆ ಹೊಂದುವಂತೆ ಮರುವ್ಯಾಖ್ಯಾನಿಸಲಾಗಿದೆ ಎಂದು ತತ್ತ್ವಜ್ಞ ಲೆನರ್ಡ್ ಏಂಜೆಲ್ 1994ರಲ್ಲಿ ಆಕ್ಷೇಪಿಸಿದರು. ಸ್ಟೀವನ್ಸನ್ ಇದನ್ನು ಒಪ್ಪಲಿಲ್ಲ.

ಮಗು ಮತ್ತು ಕುಟುಂಬದ ಮೇಲೆ ಪರಿಣಾಮ

ನೆನಪುಗಳ ಮೂಲ ಯಾವುದೇ ಇರಲಿ, ಅವು ಮಗುವಿಗೆ ಭಾರವಾಗಬಹುದು. ‘ನೀವು ನನ್ನ ಅಪ್ಪ ಅಮ್ಮ ಅಲ್ಲ, ನನ್ನನ್ನು ನನ್ನ ಮನೆಗೆ ಕಳುಹಿಸಿ’ ಎಂದು ಅಳುವ ಮಕ್ಕಳ ವರದಿಗಳು ಅನೇಕವಿವೆ. ಮುಜಫ್ಫರ್‌ನಗರ ಜಿಲ್ಲೆಯ ಜಾಟ್ ಕುಟುಂಬವೊಂದರ ಬಾಲಕ ತಾನು ಬ್ರಾಹ್ಮಣನೆಂದು ಹೇಳಿ ಮನೆಯ ಅಡುಗೆಯನ್ನು ನಿರಾಕರಿಸಿದ್ದರಿಂದ, ನೆರೆಯ ಬ್ರಾಹ್ಮಣ ಮಹಿಳೆ ಬಹುಕಾಲ ಅವನಿಗಾಗಿ ಅಡುಗೆ ಮಾಡಿ ಕೊಡಬೇಕಾಯಿತು.

ಪೂರ್ವಜನ್ಮವನ್ನು ನೆನೆಯುವ ಮಗು ಅಲ್ಪಾಯು ಎಂಬ ನಂಬಿಕೆ ಉತ್ತರ ಭಾರತದ ಹಲವೆಡೆ ಇದೆ. ಮಗುವನ್ನು ಕಳೆದುಕೊಳ್ಳುವ ಭೀತಿಯಿಂದ ಹೆತ್ತವರು ಗದರಿಸುವುದು, ಹೊಡೆಯುವುದು, ಕುಂಬಾರನ ಚಕ್ರದ ಮೇಲೆ ಕೂರಿಸಿ ಹಿಮ್ಮುಖವಾಗಿ ತಿರುಗಿಸುವುದು ಮುಂತಾದ ಉಪಾಯಗಳಿಗೆ ಮೊರೆಹೋಗುತ್ತಾರೆ. ಸ್ಟೀವನ್ಸನ್ ಮತ್ತು ಚಡ್ಡಾ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇವುಗಳಿಂದ ಮಕ್ಕಳು ಬೇಗ ಮಾತು ನಿಲ್ಲಿಸಲಿಲ್ಲ.

ಐಸ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಎರ್ಲೆಂಡೂರ್ ಹರಾಲ್ಡ್‌ಸನ್ ಶ್ರೀಲಂಕಾದಲ್ಲಿ ಇಂತಹ ಮಕ್ಕಳನ್ನು ಅದೇ ವಯಸ್ಸಿನ ಇತರ ಮಕ್ಕಳೊಂದಿಗೆ ಹೋಲಿಸಿದರು. ಇವರ ಪದಸಂಪತ್ತು ಮತ್ತು ಶಾಲೆಯ ಸಾಧನೆ ಉತ್ತಮವಾಗಿತ್ತು. ಬೇರೆಯವರ ಸೂಚನೆಗೆ ಒಳಗಾಗುವ ಪ್ರವೃತ್ತಿ ಇತರರಿಗಿಂತ ಹೆಚ್ಚಿರಲಿಲ್ಲ. ಆದರೆ ಹಗಲುಗನಸು, ಸಿಡುಕು, ಆತಂಕ ಹೆಚ್ಚಾಗಿದ್ದವು. ಹಿಂಸಾತ್ಮಕ ಸಾವನ್ನು ನೆನೆಯುವ ಮಕ್ಕಳಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳನ್ನು ಹೋಲುವ ನಡವಳಿಕೆ ಕಂಡಿತು.

ಮಗುವಿನ ಮಾತನ್ನು ಅಲ್ಲಗಳೆದು ಶಿಕ್ಷಿಸದೆ, ಪ್ರಶ್ನೆಗಳಿಂದ ಕೆದಕದೆ, ಶಾಂತವಾಗಿ ಆಲಿಸಬೇಕು ಹಾಗೂ ಈಗಿನ ಕುಟುಂಬವೇ ಅದರ ಕುಟುಂಬವೆಂಬ ಭರವಸೆ ನೀಡಬೇಕು ಎಂಬುದು ಟಕರ್ ಪೋಷಕರಿಗೆ ನೀಡುವ ಸಲಹೆ. ದಾಖಲಿಸಲು ಇಚ್ಛಿಸುವವರು ಮಗು ತಾನಾಗಿ ಹೇಳಿದ್ದನ್ನು ದಿನಾಂಕದೊಂದಿಗೆ, ಅದು ಬಳಸಿದ ಮಾತುಗಳಲ್ಲಿಯೇ, ಯಾವ ವಿಚಾರಣೆಗೂ ಮೊದಲು ಬರೆದಿಡುವುದು ಸೂಕ್ತ. ಬಹುಪಾಲು ಮಕ್ಕಳು ಕೆಲವು ವರ್ಷಗಳಲ್ಲಿ ಇದನ್ನು ಮರೆತು ಇತರರಂತೆಯೇ ಬೆಳೆಯುತ್ತಾರೆ.